ಬಾಗಿಲು ಹಾಕ್ಕೋ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ದೆವ್ವದಮ್ಮ ಎಂದೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಹುದ್ದೆ. ಬೇರೆ ಭಾಷೆಯ ಧಾರಾವಾಹಿಯೊಂದರಲ್ಲಿ ಸತ್ತವರನ್ನು ಕಾಣಬಲ್ಲ ಒಬ್ಬ ಶಾಲಾ ಹುಡುಗಿ ಇದ್ದಳು. ಅವಳ ತೀರಿಕೊಂಡ ತಾಯಿ ಮನೆಯ ನಿಲುವುಗನ್ನಡಿಯೊಳಗೆ ವಾಸವಾಗಿದ್ದಳು. ಆ ಕನ್ನಡಿಯ ತಾಯಿಗೆ ಧ್ವನಿ ಕೊಡುವುದು ಇವಳ ಕೆಲಸ.

ಅದಕ್ಕೂ ಮೊದಲು ಒಂಬತ್ತು ವರ್ಷ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಆಮೇಲೆ ಸೋಪಿನ ಜಾಹೀರಾತು, ವ್ಯಂಗ್ಯಚಿತ್ರದ ಕತ್ತೆ, ಮೂವರು ಮಾಟಗಾತಿಯರು. "ನಿನ್ನ ಬಾಯಿಗೊಂದು ಬೀಗ ಹಾಕೋಣ ಅಂದ್ಕೊಂಡಿದ್ವಿ, ನೀನು ಅದನ್ನೇ ಅಂಗಡಿ ಮಾಡ್ಕೊಂಡೆಯಲ್ಲೇ!" ಎಂದು ಅಕ್ಕ ನಗುತ್ತಿದ್ದಳು. ಅಕ್ಕತಂಗಿಯರ ಧ್ವನಿ ಎಷ್ಟು ಒಂದೇ ಎಂದರೆ, ಫೋನಿನಲ್ಲಿ ಭಾವನೇ ಮೂರು ಸಲ ಬೇಸ್ತು ಬಿದ್ದಿದ್ದ.

ಭಾವ ಬಹಳ ಹಿಂದೆಯೇ ತೀರಿಹೋಗಿದ್ದ. ಅಕ್ಕ ಹೋಗಿ ಎರಡು ವರ್ಷವಾಗಿತ್ತು. ಅಕ್ಕನ ಮಗಳಿಗೆ ಈಗ ಹದಿನೈದು; ಅಮ್ಮನಿದ್ದ ಅದೇ ನಾಲ್ಕನೇ ಮಹಡಿಯ ಮನೆಯಲ್ಲಿ, ಚಿಕ್ಕಮ್ಮನಾದ ಇವಳ ಜೊತೆಗಿದ್ದಳು.

ಆ ಮನೆಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಚಿಕ್ಕಮ್ಮ ಒಳಕೋಣೆಯಿಂದ ಕೂಗಿ ಮಾತಾಡುವಂತಿಲ್ಲ. ಮೊದಲ ವಾರ ಅಡುಗೆಮನೆಯಿಂದ "ಮರೀ, ಹಾಲು ಕುಡಿದ್ಯಾ?" ಎಂದು ಕೂಗಿದಾಗ ಹುಡುಗಿ ಓಡಿ ಬಂದು, ಬಾಗಿಲಲ್ಲಿ ನಿಂತು, ನೋಡಿ, ಗೋಡೆಗೆ ಒರಗಿಬಿಟ್ಟಿದ್ದಳು. ಅಂದಿನಿಂದ ಏನು ಹೇಳಬೇಕಾದರೂ ಎದುರಿಗೆ ಹೋಗಿ, ಮುಖ ತೋರಿಸಿ, ತಗ್ಗಿದ ದನಿಯಲ್ಲಿ ಹೇಳುವುದು. ಎರಡನೆಯದು, ಹೊರಗೆ ಹೊರಡುವಾಗ "ಬರ್ತೀನಿ" ಅನ್ನುವಂತಿಲ್ಲ. ಅಕ್ಕ ತಪಾಸಣೆಗೆಂದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಗಳಿಗೆ ಹೇಳಿದ ಮಾತು ಅದು.

"ಹಾಗೆ ಹೇಳ್ಬೇಡ ಚಿಕ್ಕಿ," ಎಂದಿದ್ದಳು ಹುಡುಗಿ. "ಹಾಗೆ ಹೇಳಿದೋರು ಬರಲ್ಲ."

ಹೊರಡುವಾಗ "ಹೋಗ್ತೀನಿ" ಎನ್ನಲು ಚಿಕ್ಕಮ್ಮನಿಗೆ ನಾಲಿಗೆ ಹೊರಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಹುಡುಗಿಯ ಹತ್ತಿರ ಬಂದು, ಮೆಲ್ಲಗೆ "ಬಾಗಿಲು ಹಾಕ್ಕೋ" ಎನ್ನುವುದು ರೂಢಿಯಾಯಿತು. ಆ ಮನೆಯಲ್ಲಿ ಬೀಳ್ಕೊಡುಗೆ ಎಂದರೆ ಅಷ್ಟೇ.

ಧಾರಾವಾಹಿಯನ್ನು ಮಾತ್ರ ಹುಡುಗಿ ತಪ್ಪದೆ ನೋಡುತ್ತಿದ್ದಳು. "ಟೀವಿಯಲ್ಲಿ ಪರವಾಗಿಲ್ಲ, ಮುಖ ಬೇರೆ ಅಲ್ವಾ," ಎನ್ನುತ್ತಿದ್ದಳು. ಚಿಕ್ಕಮ್ಮ ಮಾತು ಅಭ್ಯಾಸ ಮಾಡುವಾಗ ಉಳಿದ ಪಾತ್ರಗಳನ್ನೆಲ್ಲ ಅವಳೇ ಓದುತ್ತಿದ್ದಳು, ತಲೆಹರಟೆ ಪ್ರೇತಗಳನ್ನಂತೂ ಬಹಳ ಚೆನ್ನಾಗಿ.

ಹೀಗಿರುವಾಗ ಕನ್ನಡಿಯ ತಾಯಿಗೆ ಬಿಡುಗಡೆಯಾಗುವ ಸಂಚಿಕೆಯ ಹಾಳೆಗಳು ಕೈಸೇರಿದವು. ಮಗಳು ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸುತ್ತಾಳೆ, ತಾಯಿ ಬೆಳಕಿನೊಳಗೆ ನಡೆದು ಹೋಗುತ್ತಾಳೆ. ಕೊನೆಯ ಮಾತು: "ಬರ್ತೀನಿ ಮಗಳೇ."

ಚಿಕ್ಕಮ್ಮ ಆ ಹಾಳೆಯನ್ನು ತೆಗೆದು ಅಕ್ಕಿ ಡಬ್ಬದ ಕೆಳಗಿಟ್ಟಳು. ಸಂಜೆ ಹುಡುಗಿ ಹಾಳೆ ತಿರುವುತ್ತ, "ಹದಿನಾಲ್ಕು ಆದ್ಮೇಲೆ ಹದಿನಾರು ಬಂತಲ್ಲ ಚಿಕ್ಕಿ?" ಎಂದಳು.

"ಅವರೇ ತಪ್ಪು ನಂಬರ್ ಹಾಕಿರ್ಬೇಕು ಬಿಡು."

ಹುಡುಗಿ ಅವಳ ಮುಖವನ್ನೇ ನೋಡಿದಳು. "ಇಷ್ಟು ಪಾತ್ರ ಮಾಡ್ತೀಯ, ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಂಗೆ." ಆದರೆ ಹುಡುಕಲು ಹೋಗಲಿಲ್ಲ.

ಚಿಕ್ಕಮ್ಮನಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಎರಡು ವರ್ಷದಲ್ಲಿ ಹುಡುಗಿ ಇಷ್ಟಿಷ್ಟಾಗಿ ಅರಳಿಕೊಂಡಿದ್ದಳು. ಅವಳ ಅಮ್ಮನದೇ ಧ್ವನಿಯಲ್ಲಿ, ಅದೇ ಮಾತು, ಮತ್ತೊಮ್ಮೆ ಕಿವಿಗೆ ಬಿದ್ದರೆ? ಗೋಡೆಗೆ ಒರಗಿದ್ದ ಆ ಮುಖ ಕಣ್ಣೆದುರಿಂದ ಸರಿಯಲಿಲ್ಲ.

ಮರುದಿನ ನಿರ್ದೇಶಕರನ್ನು ಕೇಳಿದಳು. "ಸರ್, 'ಹೊರಟೆ ಮಗಳೇ' ಅಂದ್ರೆ ಆಗಲ್ವಾ?"

"ಪ್ರಯತ್ನ ಮಾಡಿ ನೋಡೋಣ."

ಪರದೆಯ ಮೇಲೆ ಆ ನಟಿ ಮೊದಲು ತುಟಿ ಕೂಡಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಡಬ್ಬಿಂಗಿನವರಿಗೆ ಇದೇ ದೊಡ್ಡ ತಲೆನೋವು. ತುಟಿ ಕೂಡಿದ ಕಡೆ ಪ, ಬ, ಮ ಬರಲೇಬೇಕು. ಗಾಜಿನ ಆಚೆ ಧ್ವನಿ ಯಂತ್ರದ ಮುಂದೆ ಕೂತಿದ್ದ, ಎಲ್ಲರೂ ಕಿವಿಯಪ್ಪ ಎನ್ನುತ್ತಿದ್ದ ಮನುಷ್ಯ ಅವಳ 'ಹೊರಟೆ' ಕೇಳಿ ಅಡ್ಡಡ್ಡ ತಲೆಯಾಡಿಸಿದ. "ಬಾಯಿ ಮುಚ್ಕೊಂಡೇ ಮಾತು ಶುರುವಾಯ್ತಲ್ಲಕ್ಕಾ. ದೆವ್ವ ಮೂಗಲ್ಲಿ ಮಾತಾಡಿದ ಹಾಗಿದೆ."

"ಬರೆದಿರೋದನ್ನೇ ಹೇಳಿಬಿಡಿ," ಎಂದರು ನಿರ್ದೇಶಕರು.

ಒಂದು ಸಲ ಮಾತು ಮೊದಲೇ ಹೊರಟುಬಿಟ್ಟಿತು. ಇನ್ನೊಂದು ಸಲ ಮಾತು ತಡವಾಯಿತು. ಮೂರನೆಯ ಸಲ "ಬರ್" ಎಂದು ನಿಂತೇ ಹೋಯಿತು. ಆರು ಸಲವಾಯಿತು. ಬಸ್ಸುಗಳ ಹೆಸರನ್ನು ನಿದ್ದೆಗಣ್ಣಲ್ಲೂ ತಡವರಿಸದೆ ಹೇಳುತ್ತಿದ್ದವಳು ಅವಳು.

ನಿರ್ದೇಶಕರು ಬೇಸರಿಸಲಿಲ್ಲ. "ಆಗದಿದ್ರೆ ಹೇಳಿಬಿಡಿ. ಈ ಒಂದು ಸಾಲಿಗೆ ಬೇರೆಯವರನ್ನ ಕರೆಸ್ತೀನಿ."

ಬೇರೆಯವರು! ಎರಡು ವರ್ಷ ಕನ್ನಡಿಯೊಳಗಿಂದ ತಲೆ ಸವರಿದ ತಾಯಿ ಕೊನೆಗೆ ಪರರ ಧ್ವನಿಯಲ್ಲಿ ಹೋಗುವುದೇ? "ಇನ್ನೊಂದೇ ಸಲ," ಎಂದಳು.

ತಾಯಿ ದೂರವಾಗುವ ದೃಶ್ಯ. ಅದಕ್ಕಾಗಿ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಧ್ವನಿ ಏರಿಸಬೇಕು. ಸರಿದು ನಿಂತಳು. ನಟಿ ಬೆಳಕಿನ ಅಂಚಿನಲ್ಲಿ ತಿರುಗಿ ನೋಡಿದಳು. ತುಟಿ ಕೂಡಿತು. ಚಿಕ್ಕಮ್ಮ ದಿನವೂ ಮನೆಯ ಹೊಸ್ತಿಲಲ್ಲಿ ಏನು ಹೇಳುತ್ತಿದ್ದಳೋ ಅದೇ ಅವಳ ಬಾಯಿಂದ ಹೊರಟಿತು:

"ಬಾಗಿಲು ಹಾಕ್ಕೋ ಮಗಳೇ!"

ಕಿವಿಯಪ್ಪ ಫಕ್ಕನೆ ನಕ್ಕ. "ಗೋಡೆ ತೂರಿ ಓಡಾಡೋ ದೆವ್ವಕ್ಕೆ ಬಾಗಿಲಿನ ಚಿಂತೆನಾ!"

ಅವಳು ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಸರ್, ಬಾಯ್ತಪ್ಪಿ..."

ನಿರ್ದೇಶಕರು ಕೈಯೆತ್ತಿ ಸುಮ್ಮನಿರಿಸಿದರು. "ಮತ್ತೆ ಹಾಕು." ಕಿವಿಯಪ್ಪ ಹಾಕಿದ. ಬ ಇದ್ದ ಕಡೆ ತುಟಿ ಕೂಡಿತ್ತು, ಮ ಇದ್ದ ಕಡೆ ಮತ್ತೊಮ್ಮೆ. ನಗುತ್ತಿದ್ದವನು ಎರಡನೆಯ ಸಲ ನಗಲಿಲ್ಲ. "ನಮ್ಮಮ್ಮನೂ ಹೀಗೇ," ಎಂದ. "ಎಲ್ಲಿಗೆ ಹೋಗ್ತಿದ್ರೂ ಮನೆ ಚಿಂತೆನೇ." ನಿರ್ದೇಶಕರು ಹಾಳೆಯ ಮೇಲಿನ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡರು.

ಸಂಚಿಕೆ ಬಂದ ಸಂಜೆ ಚಿಕ್ಕಮ್ಮ ಟೀವಿ ನೋಡಲಿಲ್ಲ. ಹುಡುಗಿಯನ್ನು ನೋಡುತ್ತ ಕೂತಳು. ಕನ್ನಡಿ ತಿರುಗಿತು, ಬೆಳಕು ಬಂತು, ದೂರದಿಂದ ಆ ಕೂಗು ಬಂತು. ಹುಡುಗಿ ಕಾಲು ಮಡಿಚಿಕೊಂಡು ಗಲ್ಲವನ್ನು ಮೊಣಕಾಲಿಗೆ ಒತ್ತಿದಳು. ಜಾಹೀರಾತು ಶುರುವಾದರೂ ಅಲುಗಲಿಲ್ಲ.

"ಅಮ್ಮ ಇದನ್ನೂ ಹೇಳಿದ್ಳು," ಎಂದಳು ಹುಡುಗಿ.

"ಏನನ್ನ?"

"ಅವತ್ತು. 'ಬರ್ತೀನಿ' ಅಂದಮೇಲೆ, ಕೆಳಗೆ ಮೆಟ್ಟಿಲಿಂದ ಕೂಗಿದ್ಳು. ಹೀಗೇ. ನಂಗೆ ಮರೆತೇ ಹೋಗಿತ್ತು." ಅವಳ ಕಣ್ಣು ತುಂಬಿತ್ತು, ಆದರೆ ಮುಖ ಮುಚ್ಚಿಕೊಳ್ಳಲಿಲ್ಲ. "ನಾನು ಬಾಗಿಲು ಹಾಕ್ಲಿಲ್ಲ ಚಿಕ್ಕಿ. ಚಪ್ಪಲಿ ಸದ್ದು ನಿಲ್ಲೋವರೆಗೂ ಕೇಳ್ತಾ ನಿಂತಿದ್ದೆ. ಅವಳಿಗೆ ಗೊತ್ತಾಗಿತ್ತು ಅನ್ಸುತ್ತೆ, ಅದಕ್ಕೇ ಕೂಗಿದ್ದು."

ಚಿಕ್ಕಮ್ಮ ಎದ್ದು ಹೋಗಿ ಅವಳ ಪಕ್ಕ ಕೂತಳು. ಇಬ್ಬರೂ ಸೋಪು, ಬಣ್ಣ, ಬಿಸ್ಕತ್ತುಗಳ ಜಾಹೀರಾತನ್ನೆಲ್ಲ ಪೂರ್ತಿ ನೋಡಿದರು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಚಪ್ಪಲಿ ಮೆಟ್ಟಿ, ಎಂದಿನಂತೆ ಹತ್ತಿರ ಬಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅಡ್ಡ ಬಂದಳು. "ಅದಲ್ಲ. ಮೊದಲನೇದು ಹೇಳು."

ಚಿಕ್ಕಮ್ಮ ಅವಳ ಮುಖ ನೋಡಿದಳು. "ಬರ್ತೀನಿ."

"ಹ್ಞೂಂ. ಆರು ಗಂಟೆಯೊಳಗೆ ಬಾ."

ಅವಳು ಮೆಟ್ಟಿಲಿಳಿದಳು. ಮೂರನೇ ಮಹಡಿ ದಾಟಿತು, ಎರಡನೆಯದೂ ದಾಟಿತು. ಮೇಲೆ ಬಾಗಿಲಿನ ಸದ್ದೇ ಇಲ್ಲ. ಕಂಬಿ ಹಿಡಿದು ನಿಂತು, ತಲೆಯೆತ್ತಿ, ಎರಡು ವರ್ಷದಲ್ಲಿ ಮೊದಲ ಸಲ ಗಂಟಲು ಬಿಟ್ಟು ಕೂಗಿದಳು:

"ಬಾಗಿಲು ಹಾಕ್ಕೋ ಮರೀ!"

"ಹಾಕ್ದೇ!" ಎಂದು ಮೇಲಿಂದ ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಹಾಕಿಕೊಂಡಿತು.