ಮುಷ್ಟಿಯಲ್ಲಿ ಉಪ್ಪು, ಬಾಯಲ್ಲಿ ಆಮೆನ್

ಸೊಸೆ ನಮ್ಮ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತ ಮಧ್ಯಾಹ್ನ ನಾನು ಹುರುಳಿ ಸಾರು ಮಾಡಿದ್ದೆ. ಬಡಿಸಿ ಇನ್ನೂ ಸೌಟು ಕೆಳಗಿಟ್ಟಿರಲಿಲ್ಲ, ಅವಳು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ತಗ್ಗಿಸಿದಳು. ತುಟಿ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. ನನ್ನ ಗಂಡ ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿದರು.

"ಏನಾಯ್ತು ಅಮ್ಮಿಣಿ? ತಲೆ ಸುತ್ತುತಾ?" ಎಂದರು. ಈ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಅಮ್ಮಿಣಿ ಎಂದೇ ಕರೆಯುವುದು.

ಮಗ ಮೊಬೈಲಿನಿಂದ ತಲೆಯೆತ್ತದೆ, "ಜೆಬ ಮಾಡ್ತಾ ಇದಾಳೆ ಅಪ್ಪಾ. ಊಟಕ್ಕೆ ಮುಂಚೆ ಅವರು ದೇವರಿಗೆ ನನ್ರಿ ಹೇಳ್ತಾರೆ. ನೀವು ತಿನ್ನಿ," ಎಂದ. ಜೆಬ ಎಂದರೆ ಪ್ರಾರ್ಥನೆ, ನನ್ರಿ ಎಂದರೆ ವಂದನೆ.

ಅವರು ತಿನ್ನಲಿಲ್ಲ. ಎದುರಿಗೆ ಒಬ್ಬರು ಕಣ್ಣು ಮುಚ್ಚಿ ದೇವರೊಡನೆ ಮಾತಾಡುತ್ತಿರುವಾಗ ತಾನು ಹುರುಳಿ ಸಾರು ಸೊರ್ ಎನ್ನಿಸುವುದು ಹೇಗೆ ಎಂದು ತುತ್ತನ್ನು ತಟ್ಟೆಗಿಳಿಸಿ, ಕೈ ಎತ್ತಿಕೊಂಡೇ ಕೂತರು. ಸೊಸೆ ಕಣ್ಣು ಬಿಟ್ಟಾಗ ಮೂವರೂ ತನ್ನನ್ನೇ ನೋಡುತ್ತಿರುವುದು ಕಂಡು ಅವಳ ಮುಖ ಕೆಂಪಾಯಿತು.

ನಾನು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಪಲ್ಲಡಕ್ಕೆ ಬಂದು ಮೂವತ್ತು ವರ್ಷ ದಾಟಿತು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರರು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮುಗಳು ಓಡುತ್ತವೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ಗಂಡನಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆದ್ದರಿಂದ ಇದನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಸೊಸೆಯೂ ಅಲ್ಲೇ ಇದ್ದವಳು, ತುಡಿಯಲೂರಿನ ಕ್ರೈಸ್ತರ ಹುಡುಗಿ. ಆರು ತಿಂಗಳು ಎರಡೂ ಮನೆಯವರು ಮುಖ ತಿರುಗಿಸಿಕೊಂಡು ಕೂತು, ಆಮೇಲೆ ಸುಸ್ತಾಗಿ ಒಪ್ಪಿಕೊಂಡರು. ಅವಳು ಅವಳ ದೇವರನ್ನು ಬಿಡಬೇಕಿಲ್ಲ, ನಾವು ನಮ್ಮ ಚೌಡಮ್ಮನನ್ನು ಬಿಡಬೇಕಿಲ್ಲ ಎಂದು ಮಾತಾಯಿತು. ಊಟದ ವಿಷಯ ಯಾರೂ ಮಾತಾಡಿರಲಿಲ್ಲ.

ಊಟಕ್ಕೆ ಮುಂಚಿನ ವಿಧಿ ನಮ್ಮ ಮನೆಯಲ್ಲಿ ಇರಲಿಲ್ಲ ಎಂದಲ್ಲ. ನನ್ನ ಗಂಡ ಕೂತು, ತಟ್ಟೆಯನ್ನು ಒಮ್ಮೆ ನೋಡಿ, ಒಮ್ಮೆ ಮೂಸಿ, ಮೊದಲ ತುತ್ತು ಬಾಯಿಗಿಟ್ಟು ತೀರ್ಪು ಕೊಡುತ್ತಿದ್ದರು. "ಉಪ್ಪು ಕಮ್ಮಿ." ಇಲ್ಲವೇ, "ಹುಳಿ ಜಾಸ್ತಿ." ನಾನು ಹೊಸದಾಗಿ ಬಂದಾಗ ಅತ್ತೆ ಹೇಳಿಕೊಟ್ಟಿದ್ದರು, "ಅವನು ಸುಮ್ಮನಿದ್ದರೆ ನಲ್ಲಾಗಿದೆ ಅಂತ ಅರ್ಥ ಮಾಡ್ಕೊ." ಮೂವತ್ತು ವರ್ಷ ನಾನು ಅವರ ಮೌನಗಳನ್ನು ಕೂಡಿಟ್ಟುಕೊಂಡು ಬಂದಿದ್ದೆ. ಹೆಚ್ಚೇನೂ ಸೇರಿರಲಿಲ್ಲ.

ಸೊಸೆಯ ಅರ್ಧ ನಿಮಿಷ ಈ ವಿಧಿಗೆ ಅಡ್ಡ ಬಂತು. ಅವಳು ಕಣ್ಣು ಬಿಡುವ ತನಕ ಅವರು ತಿನ್ನುವಂತಿಲ್ಲ; ಅವಳು ದೇವರಿಗೆ ವಂದನೆ ಹೇಳಿ ಮುಗಿಸಿದ ಮರುಕ್ಷಣವೇ "ಉಪ್ಪು ಕಮ್ಮಿ" ಅನ್ನಲು ಅವರಿಗೂ ಒಂದು ಥರ. ಎರಡು ತುತ್ತು ಬಿಟ್ಟು ಹೇಳತೊಡಗಿದರು. ಅದೂ ಮೆಲ್ಲಗೆ.

ನನಗೆ ಬೇರೆಯೇ ಅನುಮಾನ. ಪಾಗಲಕಾಯಿ ಕೊಳಂಬು, ಅಂದರೆ ಹಾಗಲಕಾಯಿ ಹುಳಿ, ಮಾಡಿದ ದಿನ ಅವಳ ಜೆಬ ಯಾಕೋ ಉದ್ದವಾಯಿತು ಅನ್ನಿಸಿತು. ನನ್ನ ಅಡಿಗೆಯಿಂದ ಕಾಪಾಡು ಎಂದು ಬೇಡುತ್ತಾಳೋ ಏನೋ! ಮೂರು ತಿಂಗಳು ತಡೆದುಕೊಂಡೆ. ಒಂದು ದಿನ ಇಬ್ಬರೇ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ.

"ದಿನಾ ಕಣ್ಣು ಮುಚ್ಚಿ ಏನು ಹೇಳ್ತೀಯ?"

"ಸಾಪಾಡಿಗೆ, ಈ ಊಟಕ್ಕೆ, ನನ್ರಿ ಹೇಳ್ತೀನಿ ಅತ್ತೆ," ಎಂದಳು. ಅಷ್ಟರಲ್ಲಿ ಅವಳಿಗೆ ನಮ್ಮ ಮನೆಯ ಕನ್ನಡ ಸುಮಾರಾಗಿ ಬರುತ್ತಿತ್ತು.

"ಯಾರಿಗೆ?"

"ಕಡವುಳಿಗೆ. ದೇವರಿಗೆ."

"ಅಡಿಗೆ ಮಾಡಿದ್ದು ಯಾರು?"

"ನೀವು ತಾನೇ ಅತ್ತೆ."

"ಮತ್ತೆ ನನಗೇನೂ ಹೇಳ್ಲಿಲ್ಲವಲ್ಲ?"

ಅವಳು ಈರುಳ್ಳಿ ಬಿಟ್ಟು ನನ್ನನ್ನು ನೋಡಿದಳು. "ನಿಮ್ಮ ಮಾತೂ ಬರುತ್ತೆ ಅತ್ತೆ. ಇದನ್ನ ಸಮೈಚ್ಚ ಕೈಗಳನ್ನ ಆಶೀರ್ವದಿಸು ಅಂತ ಕೇಳ್ತೀನಿ. ಮೊದಲ ದಿನದಿಂದಾನೇ."

ಸಮೈಚ್ಚ ಕೈ ಎಂದರೆ ಅಡಿಗೆ ಮಾಡಿದ ಕೈ. ನಾನು ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿನಲ್ಲಿ ಅರಿಶಿನ, ಮಣಿಕಟ್ಟಿನ ಮೇಲೆ ದೋಸೆಕಲ್ಲಿನ ಗಾಯ. ಈರುಳ್ಳಿ ಸುಲಿಯುತ್ತಿದ್ದುದು ಒಳ್ಳೆಯದೇ ಆಯಿತು, ಕಣ್ಣಿನ ನೀರಿಗೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ. ಅಂದಿನಿಂದ ಅವಳು ಕಣ್ಣು ಮುಚ್ಚಿದ ಅರ್ಧ ನಿಮಿಷ ನಾನು ಸೆರಗು ಸರಿಮಾಡಿಕೊಂಡು, ಕೈ ಒರೆಸಿಕೊಂಡು, ಆಶೀರ್ವಾದ ತಪ್ಪಿಹೋಗದ ಹಾಗೆ ಅವಳ ಪಕ್ಕದಲ್ಲೇ ನಿಲ್ಲತೊಡಗಿದೆ. ಇಷ್ಟು ದುರಾಸೆ ನನಗೆ ಚಿನ್ನದ ಮೇಲೂ ಇರಲಿಲ್ಲ.

ಆಮೇಲೆ ಬೀಗರು ಊಟಕ್ಕೆ ಬಂದರು.

ಸೊಸೆಯ ಅಪ್ಪ ತುಡಿಯಲೂರಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಚರ್ಚಿನ ಕಮಿಟಿಯಲ್ಲೂ ಇದ್ದಾರೆ. ಒಂದು ಭಾನುವಾರ ಆರಾಧನೆ ಮುಗಿಸಿಕೊಂಡು ಹೆಂಡತಿಯೊಡನೆ ನೇರವಾಗಿ ಪಲ್ಲಡಕ್ಕೆ ಬಂದರು. ಊರ ಸುತ್ತ ಎಲ್ಲಿ ನೋಡಿದರೂ ಕೋಳಿ ಫಾರಂ ಇರುವಾಗ ಬೀಗರಿಗೆ ಫಾರಂ ಕೋಳಿ ಬಡಿಸುವುದೇ ಎಂದು ನನ್ನ ಗಂಡ ಎರಡು ಹಳ್ಳಿ ಸುತ್ತಿ ನಾಟಿ ಕೋಳಿ ತಂದಿದ್ದರು. ಬೆಳಿಗ್ಗೆಯಿಂದ ಕೊಳಂಬು ಕುದಿಯುತ್ತಿತ್ತು. ಉಪ್ಪನ್ನು ಕಡೆಗೆ ಹಾಕುವುದು ನನ್ನ ರೂಢಿ. ಒಲೆ ಆರಿಸಿ, ಜಾಡಿಯಿಂದ ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದಿದ್ದೆ, ನಡುಮನೆಯಿಂದ ಗಂಡ ಕೂಗಿದರು, "ಬೇಗ ಬಾ, ಸಂಬಂದಿ ಜೆಬ ಶುರು ಮಾಡ್ತಾರೆ!"

ಗಾಬರಿಯಲ್ಲಿ ಹಾಗೇ ಓಡಿದೆ. ಬಾಳೆಲೆ ಹಾಸಿ, ಅನ್ನ, ಪಲ್ಯ, ಹಪ್ಪಳ ಬಡಿಸಿ ಆಗಿತ್ತು. ಬೀಗರು ಎದ್ದು ನಿಂತಿದ್ದರು, ಆದ್ದರಿಂದ ಎಲ್ಲರೂ ನಿಂತಿದ್ದರು. ನಾನು ಉಪ್ಪಿನ ಮುಷ್ಟಿಯ ಮೇಲೆ ಇನ್ನೊಂದು ಕೈ ಮುಚ್ಚಿ ಜೋಡಿಸಿದೆ. ನೋಡುವವರಿಗೆ ಭಾರೀ ಭಕ್ತಿಯಂತೆ ಕಂಡಿರಬೇಕು.

ಬೀಗರ ಜೆಬ ಅವರ ಮಗಳ ಜೆಬದ ಹಾಗಲ್ಲ. ಫೋರ್‌ಮನ್ ಆದವರು ಒಂದು ನಟ್ಟೂ ಬಿಡುವುದಿಲ್ಲ. ಗಟ್ಟಿ ದನಿಯಲ್ಲಿ, ಚೆಂದದ ತಮಿಳಿನಲ್ಲಿ, ಮಳೆ ಕೊಟ್ಟದ್ದಕ್ಕೆ, ಮಣ್ಣು ಕೊಟ್ಟದ್ದಕ್ಕೆ, ಬಿತ್ತಿದವನಿಗೆ, ಕೊಯ್ದವನಿಗೆ, ಮೂಟೆ ಹೊತ್ತವನಿಗೆ, ತರಕಾರಿ ಇಳಿಸಿದ ಲಾರಿ ಡ್ರೈವರಿಗೆ, ಗ್ಯಾಸ್ ಸಿಲಿಂಡರ್ ತಂದುಕೊಟ್ಟವನಿಗೆ ಎಲ್ಲರಿಗೂ ಸ್ತೋತ್ರ ಹೇಳಿದರು. ಫ್ಯಾನಿನ ಗಾಳಿಗೆ ಹಪ್ಪಳ ಮೆತ್ತಗಾಗುತ್ತಿತ್ತು. ಕೋಳಿಗೂ ಒಂದು ಮಾತು ಬಂತು. ಆಮೇಲೆ ನಮ್ಮ ಮಗ್ಗಗಳಿಗೆ ಬಂದರು: ಕರೆಂಟು ಹೋಗದಿರಲಿ, ನೂಲಿನ ರೇಟು ಇಳಿಯಲಿ.

"ಆಮೆನ್!" ಎಂದು ನನ್ನ ಗಂಡ ಕೂಗಿದರು.

ಅಷ್ಟು ಮನಃಪೂರ್ವಕವಾಗಿ ಅವರು ಏನನ್ನೂ ಹೇಳಿದ್ದು ನಾನು ಕೇಳಿರಲಿಲ್ಲ. ಮುಗಿಯಿತೆಂದು ಮಗ ಕೂತೇಬಿಟ್ಟ. ಮುಗಿದಿರಲಿಲ್ಲ. ಬೀಗರು ಕಣ್ಣು ತೆರೆಯದೆ ಮುಂದುವರಿಸಿದರು, ಮಗ ಮತ್ತೆ ಎದ್ದ.

ನಾನು ಕೈಗಳಿಗಾಗಿ ಕಾಯುತ್ತಿದ್ದೆ. ಸಿಲಿಂಡರಿನವನ ತನಕ ಬಂದವರು ಒಲೆಯ ತನಕ ಬಾರದೆ ಇರುತ್ತಾರೆಯೇ? ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಬೀಗಿತ್ತಿ ಮುಚ್ಚಿದ ಕಣ್ಣು ಮುಚ್ಚಿದಂತೆಯೇ ನನ್ನ ಕಿವಿಯಲ್ಲಿ ತಮಿಳಿನಲ್ಲಿ ಪಿಸುಗುಟ್ಟಿದರು, "ಕಾಯಬೇಡಿ. ಇವರ ಜೆಬ ಊರೆಲ್ಲ ಸುತ್ತುತ್ತೆ, ಅಡಿಗೆಮನೆಗೆ ಮಾತ್ರ ಬರಲ್ಲ."

ಅಂತೂ ಮುಗಿಯಿತು. ಆದರೆ ಬೀಗರು ಮರ್ಯಾದಸ್ಥರು. ನನ್ನ ಗಂಡನ ಕಡೆ ತಿರುಗಿ, "ನೀಂಗಳೂ ಒರು ವಾರ್ತೆ ಸೊಲ್ಲುಂಗ ಸಂಬಂದಿ," ಎಂದರು, ನೀವೂ ಒಂದು ಮಾತು ಹೇಳಿ ಬೀಗರೇ ಎಂದು.

ನನ್ನ ಗಂಡ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿದರು. ದೇವರ ಮುಂದೆ ಆಡಲು ಅಂಥ ತಮಿಳು ಅವರಿಗೆಲ್ಲಿಂದ ಬರಬೇಕು? ಮನೆಯ ಮಾತಿನಲ್ಲೇ ಶುರು ಮಾಡಿದರು. "ತಾಯಿ ಚೌಡಮ್ಮಾ... ಸಂಬಂದಿ ಮೊದಲ ತಡವೆ ಊಟಕ್ಕೆ ಬಂದವ್ರೆ. ಮಾನ ಉಳಿಸು. ಕೊಳಂಬಿಗೆ ಉಪ್ಪು ಸರಿಯಾಗಿ ಇರೋ ಹಂಗೆ ನೀನೇ ನೋಡ್ಕೊ ತಾಯಿ."

ಕನ್ನಡ ತಿಳಿಯದ ಬೀಗರು, ದನಿಯಲ್ಲಿದ್ದ ನಡುಕಕ್ಕೇ ಕರಗಿ, "ಆಮೆನ್! ಆಮೆನ್!" ಎಂದು ಎರಡು ಸಲ ಹೇಳಿದರು. ಸೊಸೆ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದಳು.

ನನಗೆ ಮುಷ್ಟಿ ನೆನಪಾದದ್ದು ಆಗ. ಬಿಡಿಸಿ ನೋಡಿದರೆ ಉಪ್ಪು ಬೆವರಿಗೆ ಅರ್ಧ ಕರಗಿತ್ತು. ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಸೊಸೆ ಪಾತ್ರೆ ಎತ್ತಿಕೊಂಡು ಬಂದು ಎಲ್ಲರ ಎಲೆಗೂ ಕೋಳಿ ಬಡಿಸಿ, ತಾನೂ ಕೂತಾಗಿತ್ತು. ತಿನ್ನಬೇಡಿ ಎನ್ನಲು ಬಾಯಿ ತೆರೆದೆ. ಬೀಗರು ಮೊದಲ ತುತ್ತು ಬಾಯಿಗಿಟ್ಟರು.

ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಅಷ್ಟು ಹೊತ್ತು ದೇವರಿಗೆ ವಂದನೆ ಹೇಳಿದ ಅದೇ ಬಾಯಲ್ಲಿ ಸಪ್ಪೆ ಎನ್ನುವುದು ಹೇಗೆ? "ರೊಂಬ ನಲ್ಲಾ ಇರುಕ್ಕುಂಗ," ತುಂಬ ಚೆನ್ನಾಗಿದೆ ಎಂದರು. ಮಗ ತಲೆಯಾಡಿಸಿದ. ಇನ್ನು ನನ್ನ ಗಂಡ. ಉಪ್ಪು ಕಮ್ಮಿ ಎಂದು ಮೂವತ್ತು ವರ್ಷ ಹೇಳುತ್ತಾ ಬಂದವರಿಗೆ, ಉಪ್ಪೇ ಇಲ್ಲದ ದಿನ ಬಾಯಿ ಬಿಡುವಂತಿರಲಿಲ್ಲ. ತೀರ್ಪು ಗಂಟಲ ತನಕ ಬಂದು, ಸಪ್ಪೆ ಕೋಳಿಯ ಜೊತೆ ಒಳಗಿಳಿದದ್ದನ್ನು ನಾನು ಕಣ್ಣಾರೆ ನೋಡಿದೆ.

"ಅತ್ತೆ, ಉಪ್ಪೇ ಹಾಕಿಲ್ಲ," ಎಂದಳು ಸೊಸೆ. ಕಣ್ಣು ಬಿಟ್ಟಾಗಲೂ ಮುಚ್ಚಿದಾಗಲೂ ಒಂದೇ ಮಾತಾಡುವವಳು ಆ ಪಂಕ್ತಿಯಲ್ಲಿ ಅವಳೊಬ್ಬಳೇ.

ನಾನು ಎಲ್ಲರ ಮುಂದೆ ಮುಷ್ಟಿ ಬಿಡಿಸಿ ತೋರಿಸಿದೆ. ಮೊದಲು ನಕ್ಕವರು ಬೀಗಿತ್ತಿ. ಎಲೆಯ ಮೇಲೆ ಬಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನ್ನ ಗಂಡ ಮಾತ್ರ ಗಂಭೀರವಾಗಿ, "ನಾನು ಕೇಳ್ಕೊಂಡಿದ್ದು ಲೇಟಾಗಿ ಹೋಗಿರಬೇಕು," ಎಂದರು. ಉಪ್ಪಿನ ಜಾಡಿ ಎಲೆಯಿಂದ ಎಲೆಗೆ ಹೋಯಿತು. ಎಲ್ಲರೂ ಬೇಕಾದಷ್ಟು ಹಾಕಿಕೊಂಡು, ಬೇಕಾದಷ್ಟು ತಿಂದರು.

ಆ ವಾರವೇ ನನ್ನ ಗಂಡ ಸೊಸೆಗೆ, "ಅಮ್ಮಿಣಿ, ಸತ್ತವಾಗಿ ಹೇಳು, ಯಾವಾಗ ಮುಗಿಯುತ್ತೆ ಅಂತ ನಮಗೂ ಗೊತ್ತಾಗಲಿ," ಎಂದರು. ಸತ್ತ ಎಂದರೆ ತಮಿಳಿನಲ್ಲಿ ಸದ್ದು. ಅವಳು ನಾಚಿಕೆಪಡುತ್ತಲೇ ನಮ್ಮ ಕನ್ನಡದಲ್ಲೇ ಜೋರಾಗಿ ಹೇಳಿದಳು. ಅಡಿಗೆ ಮಾಡಿದ ಕೈಗಳ ಮಾತು ಬಂದಾಗ ಅವರು ಒಂದು ಕಣ್ಣು ತೆರೆದು ನನ್ನ ಕೈ ಕಡೆ ನೋಡಿದರು. ಆಮೇಲೆ ಅವಳ ಕನ್ನಡದಲ್ಲಿ ಎರಡು ತಪ್ಪು ತಿದ್ದಿದರು. ಏನನ್ನಾದರೂ ತಿದ್ದದೆ ಅವರಿಗೆ ಅನ್ನ ಇಳಿಯುವುದಿಲ್ಲ. ನನ್ನ ಸಾರು ಬಿಟ್ಟು ಅವಳ ವ್ಯಾಕರಣಕ್ಕೆ ಕೈ ಹಾಕಿದ್ದು ನನಗೆ ಲಾಭವೇ.

ಮರುತಿಂಗಳು ನಾವು ತುಡಿಯಲೂರಿಗೆ ಹೋದೆವು. ಮನೆ ತುಂಬ ಮಟನ್ ಬಿರಿಯಾನಿಯ ಘಮ. ಗಂಡಸರು ನಡುಮನೆಯಲ್ಲಿ ಕೂತರು, ಬೀಗರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ನಾನೂ ಕೈ ಜೋಡಿಸಿ ನಿಲ್ಲುವಷ್ಟರಲ್ಲಿ ಬೀಗಿತ್ತಿ ನನ್ನ ಮೊಣಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಅಲ್ಲಿ ಮುಗಿಯುವಷ್ಟರಲ್ಲಿ ಆರಿಹೋಗುತ್ತೆ. ನಾವು ಬಿಸಿಬಿಸಿಯಾಗಿ ತಿನ್ನೋಣ," ಎಂದರು.

"ಜೆಬ?" ಎಂದೆ.

ಅವರು ಕಣ್ಣು ಮುಚ್ಚಿ, "ಸ್ತೋತ್ರಂ ಆಂಡವರೇ," ಎಂದು ಪ್ರಭುವಿಗೆ ಎರಡೇ ಮಾತು ಹೇಳಿ, ತಟ್ಟೆ ತೆಗೆದು, ದೊಡ್ಡ ತುಂಡನ್ನು ನನಗೆ ಹಾಕಿದರು. ಇಬ್ಬರೂ ಒಲೆಯ ಕಟ್ಟೆಗೆ ಒರಗಿ ನಿಂತುಕೊಂಡೇ ತಿಂದೆವು. ಮಸಾಲೆ ಹದವಾಗಿತ್ತು, ಅಕ್ಕಿ ಒಂದಕ್ಕೊಂದು ಅಂಟಿರಲಿಲ್ಲ. ಚೆನ್ನಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಿದೆ. ಅವರಿಗೆ ಅದನ್ನು ಕೇಳಿ ಅಭ್ಯಾಸವಿರಲಿಲ್ಲವೇನೋ, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಾನು ಬೇಡಬೇಡವೆಂದರೂ ಇನ್ನೊಂದು ಸೌಟು ಹಾಕಿದರು.