ಅಂಬಿಕಾಳ ಬಗ್ಗೆ ಹನ್ನೆರಡು ಪುಟ

ಅಂಬಿಕಾ, ನೀನು ಏಳನೇ ತರಗತಿಯಲ್ಲಿದ್ದಾಗ ನಿನ್ನನ್ನು ಕಳ್ಳಿ ಎಂದು ಬರೆದವಳು ನಾನು. ನಿನ್ನ ಅಪ್ಪ ಕುಡುಕ ಎಂದು ಬರೆದವಳೂ ನಾನೇ. ಎರಡೂ ಸುಳ್ಳು ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಈ ಮೂರು ವಾಕ್ಯ ಬರೆಯುವುದಕ್ಕೆ ಒಂಬತ್ತು ವರ್ಷ ಬೇಕಾಯಿತು — ಅಲ್ಲ, ಇದೂ ಸರಿಯಾದ ಮಾತಲ್ಲ. ಬರೆಯುವುದಕ್ಕೆ ಎರಡು ನಿಮಿಷ ಸಾಕಾಯಿತು. ಒಂಬತ್ತು ವರ್ಷ ಹಿಡಿದದ್ದು ಬರೆಯದೆ ತಪ್ಪಿಸಿಕೊಳ್ಳುವುದಕ್ಕೆ. ಮಂಗಳವಾರ ನೀನು ಸ್ಟಾಫ್ ರೂಮಿಗೆ ಬಂದು ಹೋದ ಮೇಲೆ ನಾನು ಒಂದು ಕಡೆ ಕೂತಿಲ್ಲ. ಅನ್ನಕ್ಕೆ ಇಟ್ಟು ಮರೆಯುತ್ತೇನೆ, ಪಾಠದ ನಡುವೆ ಯಾವ ಸೂತ್ರ ಬರೆಯುತ್ತಿದ್ದೆ ಎಂದು ಬೋರ್ಡನ್ನೇ ತಿರುಗಿ ನೋಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ‘ಯಾರೋ’ ಎಂದು ಮಾತ್ರ ಅಂದೆ. ನಾನು ಆವತ್ತಿನಿಂದ ಹೆಗಲು ಒರೆಸಿಕೊಳ್ಳುತ್ತಲೇ ಇದ್ದೇನೆ.

ನಿನಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿಯೇ ಹೇಳಬೇಕು. ನೀನು ಈಗ ಓದುತ್ತಿರುವ ನಾಲ್ಕು ವರ್ಷದ ಬಿ.ಎಸ್ಸಿ. ಬಿ.ಎಡ್. ಕೋರ್ಸನ್ನೇ, ನಾನೀಗ ಪಾಠ ಮಾಡುತ್ತಿರುವ ಇದೇ ಕಾಲೇಜಿನಲ್ಲಿ ನಾನೂ ಓದಿದೆ. ಕೊನೆಯ ವರ್ಷ ಹದಿನಾರು ವಾರ ಶಾಲೆಯಲ್ಲಿ ಪಾಠ ಮಾಡಬೇಕು, ಪಾಠಯೋಜನೆ ಬರೆಯಬೇಕು, ಚಾರ್ಟು ಮಾಡಬೇಕು, ಒಬ್ಬ ‘ಸಮಸ್ಯೆಯ ಮಗು’ವನ್ನು ಆರಿಸಿ ಕೇಸ್ ಸ್ಟಡಿ ಬರೆಯಬೇಕು. ಎಲ್ಲ ರೆಕಾರ್ಡಿಗೂ ಶಾಲೆಯ ಸಹಿ, ಸೀಲು ಬೇಕು. ಒಂದು ಕಡಿಮೆಯಾದರೂ ಪ್ರಾಯೋಗಿಕ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಪದವಿ ಇಲ್ಲ, ಪದವಿ ಇಲ್ಲದೆ ಟೀಚರ್ ಕೆಲಸ ಇಲ್ಲ. ನಿನಗೂ ಇದೆಲ್ಲ ಬಾಯಿಪಾಠ.

ನಾವು ಐದು ಜನ ಟ್ರೈನಿಗಳು ಕೊಯಮತ್ತೂರಿನ ಹತ್ತಿರ, ಕಾರಮಡೈ ಕಡೆಯ ನಿಮ್ಮ ತಮಿಳು ಶಾಲೆಗೆ ಬಂದೆವು. ಶಾಲೆಯಲ್ಲಿದ್ದ ತುಂಟರು ನಾಲ್ಕೇ ಜನ. ಮೊದಲ ವಾರದಲ್ಲೇ ಉಳಿದವರು ಅವರನ್ನು ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ ಹಿಡಿದುಬಿಟ್ಟರು. ನಾನು ಸೋಮಾರಿ, ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟೆ. ರೆಕಾರ್ಡು ಕೊಡಲು ಎರಡು ದಿನ ಉಳಿದಾಗ ಎದ್ದು ನೋಡಿದರೆ, ಶಾಲೆಯಲ್ಲಿ ನನಗೆಂದು ಒಂದು ಸಮಸ್ಯೆಯೂ ಮಿಕ್ಕಿರಲಿಲ್ಲ!

ಈಗ ನಗು ಬರುವಂತೆ ಬರೆದಿದ್ದೇನೆ. ಆವತ್ತು ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ನಗುತ್ತಲೇ ಮಾಡಿದ ಕೆಲಸ ಅದು.

ನಿನ್ನನ್ನೇ ಯಾಕೆ ಆರಿಸಿದೆ? ನಿನ್ನಲ್ಲಿ ಏನೋ ಕಂಡು ಅಲ್ಲ. ಕೇಸ್ ಸ್ಟಡಿಗೆ ಮಗುವಿನ ಮನೆಗೆ ಹೋಗಿ ಬಂದ ವಿವರ ಬೇಕಿತ್ತು, ನಾನು ಹೋಗಿದ್ದ ಮನೆ ನಿನ್ನದೊಂದೇ. ಟೀಚರ್ ನಮ್ಮ ಭಾಷೆ ಆಡುತ್ತಾರೆ ಎಂದು ಗೊತ್ತಾಗಿ ನಿನ್ನ ಅಮ್ಮ ಕರೆಸಿಕೊಂಡಿದ್ದರು. ಬಿಸಿ ಪಣಿಯಾರ ಕೊಟ್ಟರು. ಅಪ್ಪ ಮಗ್ಗದಿಂದ ಏಳದೆಯೇ ತಲೆಯೆತ್ತಿ, ‘ಉಂಡ್ಯೇನಮ್ಮಾ’ ಎಂದು ಕೇಳಿದರು. ನಾನು ಕೊಯಮತ್ತೂರು ಪೇಟೆಯ ಬ್ಯಾಂಕ್ ನೌಕರರ ಮಗಳು. ನಮ್ಮ ಮನೆಯಲ್ಲಿ ಆಡುವ ಕನ್ನಡ ಮಗ್ಗದ ಮನೆಯಲ್ಲೂ ಕೇಳಿಸಿದ್ದು ನನಗೆ ಖುಷಿಯಾಗಿತ್ತು. ಅದೇ ಮನೆಯನ್ನು ಎರಡು ವಾರದ ಮೇಲೆ — 

ಬರೆದೆ. ಸಮಸ್ಯೆ: ಇತರ ಮಕ್ಕಳ ಚೀಲದಿಂದ ವಸ್ತುಗಳನ್ನು ಕದಿಯುವುದು. ಕಾರಣ: ತಂದೆಯ ಕುಡಿತ, ತಾಯಿಯ ಅಲಕ್ಷ್ಯ. ಪರಿಹಾರ: ತರಗತಿಯ ಬೀರುವಿನ ಬೀಗದ ಕೈ ಕೊಟ್ಟು ಜವಾಬ್ದಾರಿ ಕಲಿಸಿದ್ದು. ಫಲಿತಾಂಶ: ಮಗು ಸುಧಾರಿಸಿದೆ. ಆ ಬೀಗದ ಕೈ ನಾನು ಶಾಲೆಗೆ ಬರುವ ಮೊದಲೇ ನಿನ್ನ ಕೈಯಲ್ಲಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ನಂಬಿಕಸ್ಥೆ ಎಂದು ಅದನ್ನು ನಿನಗೆ ಕೊಟ್ಟಿದ್ದರು. ನನ್ನ ಸುಳ್ಳಿಗೆ ಅದನ್ನೂ ಬಳಸಿಕೊಂಡೆ. ಹನ್ನೆರಡು ಪುಟ, ಕೆಂಪು ಶಾಯಿಯಲ್ಲಿ ಅಡಿಗೆರೆ.

ಯಾರು ಓದುತ್ತಾರೆ ಎಂದುಕೊಂಡಿದ್ದೆ. ಹೆಡ್‌ಮಿಸ್ಟ್ರೆಸ್ ರೆಕಾರ್ಡುಗಳ ರಾಶಿಗೆ ಕಣ್ಣುಮುಚ್ಚಿ ಸಹಿ ಹಾಕುವುದನ್ನು ನೋಡಿದ್ದೆ. ನನ್ನದನ್ನು ಮಾತ್ರ ಅವರು ಓದಿದರು. ಕರೆಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದೆಲ್ಲ ನಿಜವೇ ಎಂದು ತಮಿಳಿನಲ್ಲಿ ಕೇಳಿದರು.

"ಇದೆಲ್ಲಾಂ ಉಣ್ಮೆದಾನಾಮ್ಮಾ?"

"ಆಮಾಂ ಮೇಡಂ," ಎಂದೆ.

ಹೌದು ಎಂದೆ, ಅಂಬಿಕಾ. ಬರೆದದ್ದಾದರೂ ಸೋಮಾರಿತನದ ತಪ್ಪು ಅನ್ನಬಹುದೇನೋ. ಇದು ಹಾಗಲ್ಲ. ಅವರು ಕೇಳಿದರು, ಯೋಚಿಸಲು ಸಮಯವಿತ್ತು, ಇಲ್ಲ ಎಂದಿದ್ದರೆ ಒಂದು ರೆಕಾರ್ಡು ಹೋಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆ, ಹೆಚ್ಚೆಂದರೆ ಒಂದು ವರ್ಷ ಹೋಗುತ್ತಿತ್ತು. ನಾನು ಆ ಒಂದು ವರ್ಷಕ್ಕೆ ಹೆದರಿದೆ. ಅವರು ಸಹಿ ಹಾಕಿದರು.

ಮರುದಿನ ಬೀಗದ ಕೈ ಬೇರೆ ಹುಡುಗಿಯ ಕೈಗೆ ಹೋಯಿತು. ಒಂದು ವಾರದಲ್ಲಿ ಯಾರದೋ ಜಾಮೆಟ್ರಿ ಬಾಕ್ಸ್ ಕಾಣಲಿಲ್ಲ. ನಿನ್ನ ಕ್ಲಾಸ್ ಟೀಚರ್ ನೇರವಾಗಿ ನಿನ್ನ ಬೆಂಚಿಗೆ ಬಂದು, ಚೀಲವನ್ನು ಎಲ್ಲರ ಎದುರು ಕೊಡವಿದರು. ಪುಸ್ತಕ, ಊಟದ ಡಬ್ಬಿ, ಒಂದು ರಿಬ್ಬನ್ನು — ಅಷ್ಟೇ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಜೊತೆಯ ಟ್ರೈನಿಯ ಪಾಠಕ್ಕೆ ವೀಕ್ಷಣೆಯ ಫಾರಂ ತುಂಬಲು. ನೀನು ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುವಾಗ ತಿರುಗಿ ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿ ‘ತರಗತಿಯ ಶಿಸ್ತು: ಉತ್ತಮ’ ಎಂದು ತುಂಬಿದೆ. ಬಾಕ್ಸು ಅದರ ಒಡತಿಯ ಮನೆಯಲ್ಲೇ ಸಿಕ್ಕಿತು ಎಂದು ಮಾರನೇ ದಿನ ಗೊತ್ತಾಯಿತು. ಆದರೂ ನಿನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು.

ಟ್ರೈನಿಂಗ್ ಮುಗಿದ ದಿನ ನಿನ್ನ ಅಮ್ಮ ಬಸ್ ನಿಲ್ದಾಣಕ್ಕೆ ಓಡಿಬಂದರು. ಕೈಯಲ್ಲಿ ಇನ್ನೂ ನೂಲಿನ ಬಣ್ಣ. "ಯಾರೋ ಟ್ರೈನಿಂಗ್ ಟೀಚರು ಬರ್ದವ್ರಂತೆ ಕಣ್ಣು. ನಮ್ ಪುಳ್ಳೆ ಅಂಥಾದ್ದಲ್ಲಾಂತ ನಿಂಗೇ ಗೊತ್ತಲ್ಲ. ನೀ ನಮ್ ಭಾಷೆಯೋಳು, ಒಂದ್ ಮಾತು ಮೇಡಂ ಹತ್ರ ಹೇಳು ಕಣ್ಣು," ಎಂದರು. ಮಗುವನ್ನು ಪುಳ್ಳೆ ಅನ್ನುವ, ಅಕ್ಕರೆ ಬಂದರೆ ಎಲ್ಲರನ್ನೂ ಕಣ್ಣು ಅನ್ನುವ ಆ ಮಾತಿಗೆ ನಾನು ಅದೇ ಮಾತಿನಲ್ಲಿ ಉತ್ತರ ಕೊಟ್ಟೆ.

"ಕಂಡಿಪ್ಪಾ ಹೇಳ್ತೀನಕ್ಕಾ."

ಖಂಡಿತ ಹೇಳುತ್ತೇನೆ ಎಂದು ಕೈ ಹಿಡಿದು ಹೇಳಿ ಬಸ್ ಹತ್ತಿದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಕೇಸ್ ಸ್ಟಡಿಗೆ ನಮ್ಮ ಬ್ಯಾಚಿನಲ್ಲೇ ಹೆಚ್ಚು ಅಂಕ ನನಗೆ ಬಂತು.

ಆಮೇಲೆ ಎಂ.ಎಡ್. ಆಯಿತು, ಇದೇ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಸೇರಿದ ದಿನ ವಿಭಾಗದ ಬೀರು ತೆರೆದರೆ ಆ ಹನ್ನೆರಡು ಪುಟ ‘ಮಾದರಿ ರೆಕಾರ್ಡ್’ ಎಂಬ ಚೀಟಿ ಅಂಟಿಸಿಕೊಂಡು ಕೂತಿತ್ತು. ವರ್ಷವರ್ಷವೂ ಜೂನಿಯರುಗಳು ಅದನ್ನು ನೋಡಿ ಬರೆದಿದ್ದರು. ಎಷ್ಟು ಮಕ್ಕಳು ಕಳ್ಳರಾದರೋ, ಎಷ್ಟು ಅಪ್ಪಂದಿರು ಕುಡುಕರಾದರೋ! ನಾನು ಅದನ್ನು ತೆಗೆಯಲಿಲ್ಲ. ಹೆಮ್ಮೆಯೂ ಸ್ವಲ್ಪ ಇತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು. ನಾಲ್ಕು ವರ್ಷದ ಹಿಂದೆ ಮೊದಲ ವರ್ಷದ ಪಟ್ಟಿಯಲ್ಲಿ ನಿನ್ನ ಹೆಸರು ಕಂಡಾಗ ಮಾತ್ರ ಮನೆಗೆ ಒಯ್ದು ಸೀರೆಗಳ ಕೆಳಗಿಟ್ಟೆ. ನೀನು ಬಂದು "ಅಕ್ಕಾ, ನೆನಪಿದ್ಯಾ?" ಎಂದು ನಕ್ಕೆ. ನಿನಗೆ ಏನೂ ಗೊತ್ತಿಲ್ಲ ಎಂದು ಆ ನಗೆಯಿಂದಲೇ ತಿಳಿಯಿತು. ನನಗೆ ಸಮಾಧಾನವಾಯಿತು. ಎಂಥ ಹೆಂಗಸು ನಾನು!

ಈ ಮಂಗಳವಾರ ನೀನು ಬಂದು, ಬಾಗಿಲಲ್ಲೇ ನಿಂತು ಹೇಳಿದೆ:

"ಅಕ್ಕಾ, ಕೇಸ್ ಸ್ಟಡಿ ಮಾತ್ರ ನಾ ಬರೆಯಲ್ಲ. ಡಿಗ್ರಿ ನಿಂತ್ರೂ ಪರವಾಯಿಲ್ಲ."

ಯಾಕೆ ಎಂದೆ. ಗೊತ್ತಿದ್ದೂ ಕೇಳಿದೆ.

"ಏಳನೇ ಕ್ಲಾಸಲ್ಲಿ ಯಾರೋ ನನ್ ಬಗ್ಗೆ ಬರ್ದ್ರಲ್ಲ. ಅದಾದ್ಮೇಲೆ, ಅಪ್ಪುರಂ, ಏನಾಯ್ತೂಂತ ನಿಮಗೆ ಗೊತ್ತಿಲ್ಲಕ್ಕಾ. ಅಪ್ಪನ್ನ ಸ್ಕೂಲಿಗೆ ಕರ್ಸಿ, ಇನ್ಮೇಲೆ ಕುಡಿಯಲ್ಲಾಂತ ಲೆಟರ್ ಬರ್ಕೊಡು, ಇಲ್ಲಾಂದ್ರೆ ಟೀಸಿ ತಗೋಂಡ್ ಹೋಗು ಅಂದ್ರು. ಅಪ್ಪ ಸೈನ್ ಹಾಕ್ಬಿಟ್ರು. ನನ್ ಓದು ನಿಲ್ಲಬಾರ್ದೂಂತ."

ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ, ಇನ್ನು ಮೇಲೆ ಕುಡಿಯುವುದಿಲ್ಲ ಎಂದು ಬರೆದುಕೊಟ್ಟರು. ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ನೆವವಲ್ಲ; ತಿಳಿದುಕೊಳ್ಳಬಾರದೆಂದೇ ನಾನು ಆ ಕಡೆಯ ಬಸ್ಸನ್ನೇ ಹತ್ತಿರಲಿಲ್ಲ.

ಆಗಲೂ ನಾನು ಬಾಯಿಬಿಡಲಿಲ್ಲ. ಬದಲಿಗೆ, ಈಗ ನೆನೆದರೆ ಮೈ ಉರಿಯುತ್ತದೆ, "ಸುಮ್ಮನೆ ಏನಾದ್ರೂ ಬರೆದು ಕೊಡು, ನಾನು ಸೈನ್ ಹಾಕ್ತೀನಿ," ಎಂದೆ. ನೀನು ನನ್ನನ್ನು ಅರ್ಥವಾಗದವಳಂತೆ ನೋಡಿದೆ.

"ಸುಮ್ನೆ ಹೇಗಕ್ಕಾ ಬರೆಯೋದು? ಅದೂ ಒಂದ್ ಪುಳ್ಳೆ ಅಲ್ವಾ?"

ಬಾಗಿಲು ದಾಟುವ ಮುನ್ನ ನೀನು ಇನ್ನೊಂದು ಮಾತು ಹೇಳಿಹೋದೆ. ಆವತ್ತು ನಾನು ಅಮ್ಮನಿಗೆ ಕೊಟ್ಟ ಮಾತಿನ ನಂಬಿಕೆಯಲ್ಲೇ ನೀನು ಶಾಲೆ ಬಿಡಲಿಲ್ಲವಂತೆ. ನಮ್ಮ ಪರವಾಗಿ ಮಾತಾಡುವ ಒಬ್ಬ ಟೀಚರಾದರೂ ಇದ್ದರಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾರಂತೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀನು ನನ್ನನ್ನು ಬೈದಿದ್ದರೆ ಇನ್ನೂ ಒಂಬತ್ತು ವರ್ಷ ಸುಮ್ಮನಿರುತ್ತಿದ್ದೆನೇನೋ — ಅಷ್ಟು ಒಳ್ಳೆಯವಳಲ್ಲ ನಾನು. ನೀವು ನನ್ನನ್ನು ನಂಬಿಕೊಂಡು ಬದುಕಿದ್ದೀರಿ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗುತ್ತಿಲ್ಲ.

ಸೋಮವಾರ ರೆಕಾರ್ಡು ಕೊಡಲು ಕೊನೆಯ ದಿನ. ಒಬ್ಬ ವಿದ್ಯಾರ್ಥಿನಿ ಕೇಸ್ ಸ್ಟಡಿ ಬರೆಯಲು ಯಾಕೆ ಒಪ್ಪುತ್ತಿಲ್ಲ, ಆ ತಪ್ಪು ಯಾರದು ಎಂದು ಪ್ರಿನ್ಸಿಪಾಲರಿಗೆ ತಮಿಳಿನಲ್ಲಿ ಪತ್ರ ಬರೆದು ನನ್ನ ಹೆಸರು ಹಾಕಿದ್ದೇನೆ. ನಿನ್ನ ಹಳೆಯ ಶಾಲೆಗೂ ಒಂದು ಪ್ರತಿ. ನಿನ್ನ ಅಪ್ಪ ಬರೆದುಕೊಟ್ಟ ಕಾಗದ ಅಲ್ಲಿ ಇನ್ನೂ ಇದ್ದರೆ ಅದನ್ನು ಕೇಳಿ ತರುತ್ತೇನೆ. ಅವರು ನಿನಗೆ ವಿನಾಯಿತಿ ಕೊಡುತ್ತಾರೋ ಇಲ್ಲವೋ, ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಗೊತ್ತಾಗುವ ತನಕ ಕಾಯುವುದು ಬೇಡ ಎನ್ನಿಸಿದೆ.

ಇಷ್ಟು ಬರೆದ ಮೇಲೆ ಒಂದು ವಿಷಯ ತೋಚಿತು. ಇದನ್ನೆಲ್ಲ ನಾನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನನ್ನ ಅಪ್ಪ ಭಾನುವಾರಗಳಲ್ಲಿ ಕೂರಿಸಿ ಕಲಿಸಿದ ಅಕ್ಷರ. ನಿನಗೆ ಇದು ಓದಲು ಬರುವುದಿಲ್ಲ, ನಿನ್ನ ಅಮ್ಮನಿಗೂ ಬರುವುದಿಲ್ಲ. ಮನಸ್ಸಿಗೆ ಹತ್ತಿರದ ಭಾಷೆ ಎಂದು ಹೇಳಿಕೊಳ್ಳಬಹುದು. ಆದರೆ ನನ್ನ ಬುದ್ಧಿ ನನಗೆ ಗೊತ್ತು. ನೀನು ಓದಲಾರದ ಹಾಗೆ ಬರೆದು, ಹೇಳಿದೆನೆಂದು ಸಮಾಧಾನ ಮಾಡಿಕೊಳ್ಳುವ ಹಂಚಿಕೆ ಇದರಲ್ಲೂ ಇತ್ತು.

ಹಾಗಾಗಿ ನಾಳೆ ಭಾನುವಾರ ನಾನೇ ಬರುತ್ತೇನೆ. ಇದನ್ನೂ ಆ ಹನ್ನೆರಡು ಪುಟವನ್ನೂ ತರುತ್ತೇನೆ. ನಿಮ್ಮ ಮೂವರ ಎದುರೂ ಓದುತ್ತೇನೆ. ಅಮ್ಮ ಬಾಗಿಲಲ್ಲೇ "ಬಾ ಕಣ್ಣು" ಅನ್ನುತ್ತಾರೆ, ಚಾಪೆ ಹಾಸುತ್ತಾರೆ, ಕಾಫಿಗೆಂದು ಒಳಗೆ ಏಳುತ್ತಾರೆ. ಅವರು ಏಳುವ ಮೊದಲೇ ಓದಲು ಶುರು ಮಾಡಬೇಕು. ಆಮೇಲೆ ಆ ಮನೆಯಲ್ಲಿ ನನಗೆ ಕಾಫಿ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.