ಅರಿಶಿನ ಹಚ್ಚಿದ ಇಲಿಗಳು

ಗಿರಣಿ ತಿರುವು ದಾಟುವಾಗ ಈಗಲೂ ಅಮ್ಮ ಅಲ್ಲಿ ನಿಂತಿರುತ್ತಾಳೆ. ಸತ್ತು ಎಷ್ಟೋ ವರ್ಷವಾಯಿತು, ಆದರೂ ನಿಂತಿರುತ್ತಾಳೆ.

ಅರವತ್ತರ ದಶಕದಲ್ಲಿ ನಾನು ಇಲಿ ಕಾಯೋ ಕೆಲಸದಲ್ಲಿದ್ದೆ. ನಗಬೇಡಿ, ಸಂಬಳ ಬರ್ತಿತ್ತು. ಜಯನಗರದ ಹತ್ತಿರದ ಸಣ್ಣ ಪ್ರಯೋಗಾಲಯ. ವಯಸ್ಸಾದ ಇಲಿಯ ಮಿದುಳಲ್ಲಿ ಏನು ಸವೆಯುತ್ತೆ ಅಂತ ನಮ್ಮ ಡಾಕ್ಟರು ನೋಡುತ್ತಿದ್ದರು. ಮುದಿ ಇಲಿಗಳಲ್ಲಿ ಅರ್ಧಕ್ಕೆ ಹಲಗೆಯ ಓಣಿಗಳಲ್ಲಿ ದಾರಿ ಕಲಿಸಬೇಕು. ಕೊನೆಗೆ ಒಂದು ಚೂರು ಕೊಬ್ಬರಿ. ಇನ್ನರ್ಧಕ್ಕೆ ಏನೂ ಕಲಿಸಬಾರದು. ಎಲ್ಲ ಒಂದೇ ಗೂಡಿನಲ್ಲಿದ್ದದ್ದರಿಂದ ಕಲಿತವುಗಳ ಬೆನ್ನಿಗೆ ಹಳದಿ ಬಣ್ಣದ ಗುರುತು. ದಾರಿ ತಪ್ಪಿದರೆ ಮುಟ್ಟಬಾರದು, ಗಡಿಯಾರ ಹಿಡಿದು ಸುಮ್ಮನೆ ನಿಂತಿರಬೇಕು. ಅದು ಡಾಕ್ಟರ ಕಟ್ಟಪ್ಪಣೆ.

ಆ ಹೊತ್ತಿಗೆ ಅಮ್ಮನಿಗೂ ಮರೆವು ಶುರುವಾಗಿತ್ತು. ಸಿದ್ದಾಪುರದ ನಮ್ಮ ಮನೆಯಿಂದ ಹೂವಿಗೆ ಹೋದವಳು ಎರಡು ಸಲ ದಾರಿ ತಪ್ಪಿದ್ದಳು. ಅಣ್ಣ ಬಾಗಿಲಿಗೆ ಹಾಕೋಕೆ ಬೀಗವನ್ನೇ ತಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇಲಿಗೆ ಕಲಿಸಿದವನಿಗೆ ಹೆತ್ತ ತಾಯಿಗೆ ಕಲಿಸೋಕಾಗಲ್ವಾ? ದಿನಾ ಸಂಜೆ ಹೂವಿನಂಗಡಿಯಿಂದ ನಡೆಸಿಕೊಂಡು ಬಂದು, ಗಿರಣಿ, ಬೇವಿನ ಮರ, ನಮ್ಮ ಬಾಗಿಲು ಅಂತ ಬಾಯಿಪಾಠ ಮಾಡಿಸಿದೆ. ಮನೆ ಸೇರಿದ ಮೇಲೆ ಕೈಗೊಂದು ಚೂರು ಕೊಬ್ಬರಿ ಇಡುತ್ತಿದ್ದೆ. ಈಗ ಹೇಳೋಕೂ ನಾಚಿಕೆ.

ಆಯುಧಪೂಜೆ ಬಂತು. ಸೂಕ್ಷ್ಮದರ್ಶಕ, ಕತ್ತರಿ, ಗೂಡು, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಗಣಪತಿ ವಾಹನ ಅಲ್ವಾ, ಬಿಟ್ಟರೆ ಹೇಗೆ ಅಂತ ಇಲಿಗಳ ಬೆನ್ನಿಗೂ ಅರಿಶಿನದ ನೀರು ಸವರಿದೆ. ಒಂದನ್ನೂ ಬಿಡಲಿಲ್ಲ, ನನ್ನ ಬುದ್ಧಿಗಿಷ್ಟು! ರಜೆ ಮುಗಿದು ಬಂದು ನೋಡಿದರೆ ಎಲ್ಲವೂ ಹಳದಿ.

ಡಾಕ್ಟರು ಬೈಯಲಿಲ್ಲ. ಓಣಿಗೆ ಬಿಡು, ಕಲಿತದ್ದು ತಾನಾಗೇ ಕೊಬ್ಬರಿಗೆ ಹೋಗುತ್ತೆ ಅಂದರು. ಒಂದೊಂದನ್ನೇ ಬಿಟ್ಟೆ. ಅಷ್ಟೂ ಮೊದಲ ತಿರುವಿನಲ್ಲೇ ನಿಂತವು. ಆಮೇಲೆ ಅವರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಎಳೆ ಇಲಿಯ ನರಕೋಶದ ಕೊಂಬೆಗಳ ತುಂಬ ಜಾಲಿಮುಳ್ಳಿನ ಹಾಗೆ ಒತ್ತೊತ್ತಾಗಿ ಮೊನೆಗಳು. ಒಂದು ಕೋಶ ಇನ್ನೊಂದರ ಜೊತೆ ಸೇರೋದು ಅಲ್ಲೇ ಅಂತೆ. ಮುದಿ ಇಲಿಯದ್ದರಲ್ಲಿ ಅಲ್ಲೊಂದು, ಇಲ್ಲೊಂದು.

"ಮತ್ತೆ ಚಿಗುರುತ್ತಾ ಸಾರ್?"

"ಗೊತ್ತಿಲ್ಲಪ್ಪ."

ಅವತ್ತು ಸಂಜೆ ಅಮ್ಮನನ್ನು ಹೂವಿನಂಗಡಿ ಮುಂದೆ ಬಿಟ್ಟು, ಮನೆ ಕಡೆ ಹೋಗ್ತಿರಮ್ಮ, ಬಂದೆ ಅಂತ ಹೇಳಿ ಒಂದು ಗಾಡಿಯ ಮರೆಗೆ ನಿಂತೆ. ತಾನಾಗಿ ಮನೆ ಸೇರಿದರೆ ಬೀಗ ಬೇಡ ಅಂತ ನನ್ನ ಲೆಕ್ಕಾಚಾರ. ಗಿರಣಿವರೆಗೂ ಬಂದಳು. ತಿರುವಿನಲ್ಲಿ ನಿಂತುಬಿಟ್ಟಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಸೆರಗು ಹಿಂಡಿದಳು. ಗಡಿಯಾರದಲ್ಲಿ ಹತ್ತು ನಿಮಿಷ. ಪಾಪಿ ನಾನು, ಅಲುಗಲಿಲ್ಲ.

ಕೊನೆಗೆ ತಡೆಯಲಾರದೆ ಓಡಿಹೋಗಿ ಕೈ ಹಿಡಿದೆ. ಅವಳು ಇನ್ನೊಂದು ಕೈಯಲ್ಲಿ ಬೇವಿನ ಮರದಾಚೆಯ ನಮ್ಮ ಬಾಗಿಲು ತೋರಿಸಿದಳು.

"ಮನೆ ಅಲ್ಲೇ ಇದೆಯಲ್ಲೋ. ನೀನು ಬರಲಿಲ್ಲ, ಎಲ್ಲಿ ದಾರಿ ತಪ್ಪಿದೆಯೋ ಅಂತ ಕಾಯ್ತಾ ನಿಂತೆ."

ಬೀಗವನ್ನು ಅಣ್ಣನಿಗೆ ವಾಪಸ್ ಕೊಟ್ಟೆ. ಕೊಬ್ಬರಿ ಚೂರು ನನ್ನ ಜೇಬಿನಲ್ಲೇ ಉಳಿಯಿತು.